ಫ್ಲೂ ಲಸಿಕೆ: ಎಷ್ಟು ತರಿಸೋದು, ಯಾವಾಗ ತರಿಸೋದು, ಎಲ್ಲಿ ಇಡೋದು

ಕೇಳಿದವರು: ಕ್ಲಿನಿಕ್ ನಡೆಸುವವರು, ಹಾಸನ ಜಿಲ್ಲೆ

ನಮ್ಮದು ಇಬ್ಬರು ವೈದ್ಯರ ಕ್ಲಿನಿಕ್. ಒಬ್ಬರು ಮಕ್ಕಳ ವೈದ್ಯರು, ಇನ್ನೊಬ್ಬರು ಫಿಜಿಶಿಯನ್. ಹೋದ ವರ್ಷ ಜೂನ್ ಕೊನೆಗೆ 100 ಡೋಸ್ ತರಿಸಿದೆವು, ಆಗಸ್ಟ್ ಹೊತ್ತಿಗೆ ಖಾಲಿ. ಮತ್ತೆ 50 ತರಿಸಿದ್ದರಲ್ಲಿ 30ಕ್ಕೂ ಹೆಚ್ಚು ಎಕ್ಸ್‌ಪೈರಿ ಆದವು. ಈ ಸಲ ಲೆಕ್ಕ ಹೇಗೆ ಹಾಕಬೇಕು? ಸದರ್ನ್, ನಾರ್ದರ್ನ್ ಎರಡೂ ಬರುತ್ತಲ್ಲ, ಯಾವುದು ತಗೊಳ್ಳಬೇಕು? ಮನೆ ಬಳಕೆಯ ಡಬಲ್ ಡೋರ್ ಫ್ರಿಜ್ ಸಾಕೇ? ಮಳೆಗಾಲದಲ್ಲಿ ಇಲ್ಲಿ ಕರೆಂಟ್ ದಿನಾ ಹೋಗುತ್ತೆ.

ಮಕ್ಕಳ ವೈದ್ಯೆ, ಶಿವಮೊಗ್ಗ

ನಿಮ್ಮ ತೊಂದರೆ ಸಂಖ್ಯೆಯದ್ದಲ್ಲ, ತಾರೀಖಿನದ್ದು. ಜೂನ್ ಕೊನೆ ಅಂದರೆ ತಡವಾಯಿತು. ನಮ್ಮಲ್ಲಿ ಫ್ಲೂ ಏರೋದು ಮಳೆಗಾಲದಲ್ಲಿ, ಇನ್ನೊಂದು ಸಣ್ಣ ಅಲೆ ಜನವರಿಯಿಂದ ಮಾರ್ಚ್ ನಡುವೆ. ಲಸಿಕೆ ಕೊಟ್ಟ ಮೇಲೆ ರಕ್ಷಣೆ ಬರೋಕೆ ಸುಮಾರು ಎರಡು ವಾರ ಬೇಕು. 6 ತಿಂಗಳು ತುಂಬಿದ, 9 ವರ್ಷ ತುಂಬದ ಮಗು ಮೊದಲ ಸಲ ಹಾಕಿಸಿಕೊಳ್ಳುತ್ತಿದ್ದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಹಿಂದಕ್ಕೆ ಎಣಿಸಿ: ಜೂನ್ ಕೊನೆಗೆ ಮಗು ಸಿದ್ಧವಾಗಿರಬೇಕಾದರೆ ಎರಡನೇ ಡೋಸ್ ಜೂನ್ ಮಧ್ಯಕ್ಕೆ, ಮೊದಲನೆಯದು ಮೇ ಮಧ್ಯಕ್ಕೆ. ಅಂದರೆ ಮೇ ಎರಡನೇ ವಾರದಲ್ಲಿ ಲಸಿಕೆ ನಿಮ್ಮ ಫ್ರಿಜ್‌ನಲ್ಲಿರಬೇಕು.

ಸದರ್ನ್, ನಾರ್ದರ್ನ್ ಗೊಂದಲವೂ ಇಲ್ಲೇ ಬಗೆಹರಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಗೋಳಕ್ಕೆ, ಫೆಬ್ರವರಿಯಲ್ಲಿ ಉತ್ತರಾರ್ಧಗೋಳಕ್ಕೆ ಲಸಿಕೆಯಲ್ಲಿ ಯಾವ ವೈರಸ್ ತಳಿಗಳಿರಬೇಕು ಅಂತ ಹೇಳುತ್ತೆ; ಸದರ್ನ್, ನಾರ್ದರ್ನ್ ಅನ್ನೋದು ಇವೇ. ನಾವು ಇರೋದು ಉತ್ತರಾರ್ಧಗೋಳದಲ್ಲಾದರೂ ನಮ್ಮ ಜ್ವರದ ಕಾಲ ಮುಂಗಾರು. ಹಾಗಾಗಿ ಮಳೆಗೆ ಮುಂಚೆ ಸಿಗುವ ಸದರ್ನ್ ಲಸಿಕೆಯೇ ಮುಖ್ಯ ಖರೀದಿ. ನಾರ್ದರ್ನ್ ಬರೋದು ಮಳೆಗಾಲ ಮುಗಿಯುವ ಹೊತ್ತಿಗೆ. ಮೇ–ಜೂನ್‌ನಲ್ಲಿ ತಪ್ಪಿಸಿಕೊಂಡವರಿಗೆ, ಆಮೇಲೆ 6 ತಿಂಗಳು ತುಂಬಿದ ಮಕ್ಕಳಿಗೆ ಅದನ್ನು ಸ್ವಲ್ಪ ತರಿಸಿದರೆ ಸಾಕು. ಬಾಕ್ಸ್ ಮೇಲೆ ವರ್ಷ ನೋಡಿ: ಸದರ್ನ್‌ಗೆ ಒಂದೇ ವರ್ಷ ಇರುತ್ತೆ, ನಾರ್ದರ್ನ್‌ಗೆ 2025–26 ಅನ್ನೋ ಥರ ಜೋಡಿ ವರ್ಷ.

ಸಂಖ್ಯೆಯನ್ನು ಹೋದ ವರ್ಷದ ಬಿಲ್ ನೋಡಿ ಹಾಕಬೇಡಿ, ಲಸಿಕೆ ರಿಜಿಸ್ಟರ್ ನೋಡಿ ಹಾಕಿ. ಏಪ್ರಿಲ್‌ನಲ್ಲಿ ಕೂತು ನಾಲ್ಕು ಪಟ್ಟಿ ಮಾಡಿ. ಉದಾಹರಣೆಗೆ, ಮೊದಲ ಸಲದ ಮಕ್ಕಳು 30, ಅವರಿಗೆ 60 ಡೋಸ್. ಹೋದ ವರ್ಷ ಹಾಕಿಸಿಕೊಂಡ ಮಕ್ಕಳು 70. ಫೋನ್ ಮಾಡಿಸಿ, ಬರ್ತೀವಿ ಅಂದವರನ್ನು ಮಾತ್ರ ಎಣಿಸಿ, 45 ಅಂದುಕೊಳ್ಳಿ. ಫಿಜಿಶಿಯನ್ ಬರೆದುಕೊಟ್ಟ ದೊಡ್ಡವರು 40. ನಿಮ್ಮ ಸಿಬ್ಬಂದಿ 9. ಒಟ್ಟು 154. ಇದನ್ನು ಒಂದೇ ಸಲ ತರಿಸಬೇಡಿ. ಮೇನಲ್ಲಿ ಮೊದಲ ಸಲದ ಮಕ್ಕಳ 30, ಉಳಿದವರ ಅರ್ಧ 47, ಸೇರಿಸಿ ಸುಮಾರು 80. ಜೂನ್ ಎರಡನೇ ವಾರಕ್ಕೆ ಇನ್ನೊಂದು ಲಾಟ್, ಅದರಲ್ಲಿ 30 ಎರಡನೇ ಡೋಸ್‌ಗಳು ಹೆಸರು ಬರೆದು ಮೀಸಲು. ಮಗುವಿಗೆ ಮೊದಲ ಡೋಸ್ ಕೊಟ್ಟ ದಿನವೇ ಎರಡನೆಯದನ್ನು ಲೆಕ್ಕದಿಂದ ಕಳೆದುಬಿಡಿ. ಹೆಚ್ಚಿನ ಕಡೆ ತಪ್ಪೋದು ಇಲ್ಲೇ: ಫ್ರಿಜ್‌ನಲ್ಲಿ 20 ಕಾಣುತ್ತೆ, ಅದರಲ್ಲಿ 18 ಯಾರದೋ ಎರಡನೇ ಡೋಸ್ ಅನ್ನೋದು ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಿರೋದಿಲ್ಲ.

ಹೋದ ವರ್ಷ ಎರಡು ಡೋಸ್ ಮುಗಿಸಿದ ಮಗುವಿಗೆ ಈ ವರ್ಷ ಒಂದೇ ಸಾಕು. ಇದನ್ನು ಮರೆತು ಎಲ್ಲ ಮಕ್ಕಳಿಗೂ ಎರಡರಂತೆ ಗುಣಿಸಿದರೆ ಸ್ಟಾಕ್ ಉಳಿಯೋದು ಖಂಡಿತ.

ಲಸಿಕೆ ಸ್ಟಾಕಿಸ್ಟ್, ಹುಬ್ಬಳ್ಳಿ

ಮೇಡಂ ಹೇಳಿದ ಲೆಕ್ಕ ಬರೋಬ್ಬರಿ ಐತ್ರಿ. ಖರೀದಿ ಕಡೆಯಿಂದ ನಾಲ್ಕು ಮಾತು ಸೇರಿಸ್ತೀನಿ.

ಎರಡನೇ ಲಾಟ್ ಜೂನ್‌ನಾಗ ಬೇಕಂದ್ರ ಏಪ್ರಿಲ್‌ನಾಗ ಬಾಯಿಮಾತಿನಲ್ಲಿ ಅಲ್ಲ, ಬರೆದು ಇಂಡೆಂಟ್ (ಬೇಡಿಕೆ ಪಟ್ಟಿ) ಕೊಡ್ರಿ: ಇಂಥಾ ತಾರೀಖಿಗೆ 80, ಇಂಥಾ ತಾರೀಖಿಗೆ 75. ಊರಾಗ ಜ್ವರದ ಸುದ್ದಿ ಪೇಪರ್‌ನಾಗ ಬಂತಂದ್ರ ಎಲ್ಲಾರೂ ಒಂದೇ ವಾರ ಫೋನ್ ಮಾಡ್ತಾರ. ಆಗ ಮೊದಲು ಬರೆದು ಕೊಟ್ಟವರಿಗೇ ಮಾಲು ಹೋಗೋದು. ಆ ವರ್ಷಕ್ಕೆ ಕಂಪನಿ ತಯಾರು ಮಾಡಿದ್ದು ಮುಗೀತಂದ್ರ ನಡುವೆ ಹೊಸದು ಬರೂದಿಲ್ಲ. ಮೊಟ್ಟೆಯಲ್ಲಿ ವೈರಸ್ ಬೆಳೆಸಿ ಮಾಡೋ ಲಸಿಕೆಗೆ ತಿಂಗಳುಗಟ್ಟಲೆ ಬೇಕು.

ಹತ್ತಕ್ಕೆ ಒಂದು ಫ್ರೀ ಅನ್ನೋ ಸ್ಕೀಮ್ ನೋಡಿ 50 ಹೆಚ್ಚಿಗೆ ಹಿಡಿಯಬ್ಯಾಡ್ರಿ. ಐದು ಡೋಸ್ ಫ್ರೀ ಬಂದು ಹತ್ತು ಉಳಿದರೂ ನಷ್ಟಾನೇ. ಆರ್ಡರ್ ಕೊಡೋ ಮುಂಚೆ ಮೂರು ಕೇಳ್ರಿ: ಎಕ್ಸ್‌ಪೈರಿ ತಿಂಗಳು ಯಾವುದು, ತೆರೆಯದ ಮಾಲು ವಾಪಸ್ ತಗೋತೀರೋ ಇಲ್ಲೋ, ತಗೊಂಡ್ರ ಕ್ರೆಡಿಟ್ ನೋಟ್ ಪೂರ್ತಿ ಮೊತ್ತಕ್ಕೋ ಅರ್ಧಕ್ಕೋ. ಇದು ಕಂಪನಿಯಿಂದ ಕಂಪನಿಗೆ ಬೇರೆ, ಅದಕ್ಕ ಬಿಲ್ ಮೇಲೆ ಬರೆಸಿಕೊಳ್ರಿ. ಕಮ್ಮಿ ರೇಟಿಗೆ ಬಂದ ಶಾರ್ಟ್ ಎಕ್ಸ್‌ಪೈರಿ ಮಾಲನ್ನು ಆ ವಾರದ ಕ್ಯಾಂಪ್ ಗೊತ್ತಾಗಿದ್ದರಷ್ಟೇ ತಗೊಳ್ರಿ.

ಲಸಿಕೆ ಔಷಧ ನಿಯಮದ ಶೆಡ್ಯೂಲ್ ಸಿ ಪಟ್ಟಿಯೊಳಗೆ ಬರ್ತದ. ಕೊಡೋ ಸ್ಟಾಕಿಸ್ಟ್‌ಗೆ ಅದರ ಸಗಟು ಮಾರಾಟದ 21ಬಿ ಲೈಸೆನ್ಸ್ ಇರಬೇಕು, ಬಿಲ್ ಮೇಲೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರಬೇಕು. ಬಿಲ್ ಇಲ್ಲದ ಲಸಿಕೆ ಎಷ್ಟೇ ಅಗ್ಗ ಇದ್ದರೂ ಬ್ಯಾಡ. ಅದು ಎಲ್ಲೆಲ್ಲಿ ಎಷ್ಟು ಹೊತ್ತು ಬಿಸಿಲಾಗ ಇತ್ತು ಅಂತ ಹೇಳೋವರು ಯಾರೂ ಇರೂದಿಲ್ಲ.

ಇನ್ನೊಂದು, ಶುಕ್ರವಾರ ಸಂಜೆ, ಶನಿವಾರ ಡಿಸ್ಪ್ಯಾಚ್ ಒಪ್ಪಬ್ಯಾಡ್ರಿ. ಬಸ್ ಪಾರ್ಸೆಲ್ ಆಫೀಸಿನಾಗ ಥರ್ಮಾಕೋಲ್ ಬಾಕ್ಸ್ ಭಾನುವಾರ ಪೂರ್ತಿ ಕೂತರೆ ಜೆಲ್ ಪ್ಯಾಕ್ ನೀರಾಗಿರ್ತದ. ಸೋಮವಾರದಿಂದ ಗುರುವಾರದೊಳಗೆ, ಕ್ಲಿನಿಕ್ ತೆರೆದಿರೋ ಹೊತ್ತಿಗೆ ಮುಟ್ಟಬೇಕು.

ಕೋಲ್ಡ್ ಚೈನ್ ನೋಡಿಕೊಳ್ಳುವವರು, ತಾಲ್ಲೂಕು ಆಸ್ಪತ್ರೆ

ಫ್ರಿಜ್ ಪ್ರಶ್ನೆಗೆ ಬರ್ತೀನಿ. ಲಸಿಕೆಗೇ ಮಾಡಿದ ಐಎಲ್ಆರ್ (ಒಳಗೋಡೆಯಲ್ಲಿ ಐಸ್ ಪದರ ಇರುವ ಫ್ರಿಜ್) ಅಥವಾ ಫಾರ್ಮಸಿ ಫ್ರಿಜ್ ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಐಎಲ್ಆರ್ 43 ಡಿಗ್ರಿ ಸೆಕೆಯಲ್ಲೂ ಕರೆಂಟ್ ಇಲ್ಲದೆ ಕನಿಷ್ಠ 20 ಗಂಟೆ ತಂಪು ಹಿಡಿದಿಡಬೇಕು. ಮನೆ ಫ್ರಿಜ್‌ನಿಂದ ಅದನ್ನು ಅಪೇಕ್ಷಿಸೋಕಾಗಲ್ಲ. ಆದರೂ 80 ಡೋಸ್‌ಗೆ ಡಬಲ್ ಡೋರ್ ಬಳಸಲೇಬೇಕು ಅಂದರೆ ಹೀಗೆ ಮಾಡಿ.

ಮಧ್ಯದ ತಟ್ಟೆ ಮಾತ್ರ ಬಳಸಿ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಮೇಲಿನ ತಟ್ಟೆಯ ಹಿಂಭಾಗದಲ್ಲಿ ಗಾಳಿ ಬರುವ ಕಂಡಿ ಇರುತ್ತೆ. ಅದರ ಎದುರಿಗಿಟ್ಟ ಬಾಕ್ಸ್ ಹೆಪ್ಪುಗಟ್ಟುತ್ತೆ, ಡಿಸ್‌ಪ್ಲೇಯಲ್ಲಿ 4 ಡಿಗ್ರಿ ಅಂತಲೇ ತೋರಿಸುತ್ತಿರುತ್ತೆ. ಬಾಗಿಲಲ್ಲಿ ಬೇಡ, ತರಕಾರಿ ಡಬ್ಬದಲ್ಲಿ ಬೇಡ. ತೂತಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಗೋಡೆಯಿಂದ ಮೂರು ಬೆರಳು ಬಿಟ್ಟು ಇಡಿ. ಬಾಗಿಲಲ್ಲೂ ಕೆಳಗಿನ ಡಬ್ಬದಲ್ಲೂ ನೀರಿನ ಬಾಟಲಿ ತುಂಬಿಸಿ; ಕರೆಂಟ್ ಹೋದಾಗ ತಂಪು ಹಿಡಿಯೋದು ಅವೇ. ಊಟದ ಡಬ್ಬಿ, ಹಾಲು ಖಂಡಿತ ಬೇಡ. ಪ್ರತಿ ಸಲ ಬಾಗಿಲು ತೆಗೆದಾಗಲೂ ತಾಪ ಏರುತ್ತೆ.

ಫ್ರಿಜ್‌ನ ಸ್ವಂತ ಡಿಸ್‌ಪ್ಲೇ ನಂಬಬೇಡಿ. ತಾಪವನ್ನು ಬಿಡದೆ ದಾಖಲಿಸುವ ಡಿಜಿಟಲ್ ಡೇಟಾ ಲಾಗರ್ ಹಾಕಿ, ಅದರ ಪ್ರೋಬ್ (ತಾಪ ಅಳೆಯುವ ತುದಿ) ಲಸಿಕೆಯ ಬುಟ್ಟಿಯಲ್ಲೇ ಗ್ಲಿಸರಿನ್ ಅಥವಾ ನೀರಿನ ಸಣ್ಣ ಬಾಟಲಿಯಲ್ಲಿ ಇರಲಿ. ಆಗ ಬಾಗಿಲು ತೆಗೆದ ಗಾಳಿಗೆ ಅಲ್ಲ, ಲಸಿಕೆಗೆ ಆಗುತ್ತಿರೋದಕ್ಕೆ ಸ್ಪಂದಿಸುತ್ತೆ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಗುರಿ 5 ಡಿಗ್ರಿ. ಬೆಳಿಗ್ಗೆ, ಸಂಜೆ ಎರಡು ಸಲ ಬರೆಯಿರಿ, ಭಾನುವಾರವೂ. ಬರೆಯುವಾಗ ಆ ಕ್ಷಣದ ಅಂಕಿಯ ಜೊತೆ ಕನಿಷ್ಠ, ಗರಿಷ್ಠ ಎರಡನ್ನೂ ಬರೆಯಬೇಕು. ರಾತ್ರಿ ಮೂರಕ್ಕೆ ಸೊನ್ನೆಗಿಳಿದು ಬೆಳಿಗ್ಗೆ 4ಕ್ಕೆ ಬಂದಿದ್ದರೆ ಬರೀ ಬೆಳಗಿನ ಅಂಕಿಯಲ್ಲಿ ಕಾಣೋದಿಲ್ಲ.

ಪ್ಲಗ್ ನೇರ ಗೋಡೆಗೆ, ಸ್ಟೆಬಿಲೈಜರ್ ಮೂಲಕ, ಎಕ್ಸ್‌ಟೆನ್ಷನ್ ಬೋರ್ಡ್ ಇಲ್ಲದೆ. ಸ್ವಿಚ್ ಮೇಲೆ ಟೇಪ್ ಅಂಟಿಸಿ "ಆರಿಸಬೇಡಿ" ಅಂತ ಬರೆಯಿರಿ. ರಾತ್ರಿ ಬಾಗಿಲು ಹಾಕುವವರು ಎಲ್ಲ ಸ್ವಿಚ್ ಆರಿಸಿ ಹೋಗೋದು ತುಂಬಾ ಸಾಮಾನ್ಯ ಕಾರಣ. ವಿದ್ಯುತ್ ಕಂಪನಿ ನಿರ್ವಹಣೆಗೆ ದಿನವಿಡೀ ಕರೆಂಟ್ ತೆಗೆಯುವ ಪ್ರಕಟಣೆ ಪೇಪರ್‌ನಲ್ಲಿ ಬರುತ್ತೆ. ಆ ದಿನ ಜನರೇಟರ್ ಇರುವ ಆಸ್ಪತ್ರೆಯಲ್ಲಿ ಇಡಿಸುವ ಏರ್ಪಾಡು ಮೊದಲೇ ಇರಲಿ. ಸಾಗಿಸುವಾಗ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ನೇರ ಇಡಬೇಡಿ. ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳೋವರೆಗೆ ಕಾಯಿರಿ, ಆಮೇಲೆ ಒರೆಸಿ ಕ್ಯಾರಿಯರ್‌ಗೆ ಹಾಕಿ.

ಫಿಜಿಶಿಯನ್, ಮಂಗಳೂರು

ದೊಡ್ಡವರ ಪಟ್ಟಿ ಬಗ್ಗೆ ಒಂದು ತಿದ್ದುಪಡಿ. ಅವರಲ್ಲಿ ಅರ್ಧದಷ್ಟನ್ನು ಜೂನ್‌ವರೆಗೆ ಮುಂದೂಡಿದರೆ ಕೆಲವರು ಕೈತಪ್ಪುತ್ತಾರೆ. ಹಜ್ ಯಾತ್ರಿಕರು ಮೆನಿಂಜೈಟಿಸ್ ಲಸಿಕೆಗೆ ಬರುತ್ತಾರೆ. ಅದು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು, ಜೊತೆಗೆ ಫ್ಲೂ ಲಸಿಕೆಯೂ ಬೇಕು ಅಂತ ಕೇಳುತ್ತಾರೆ. ಹಜ್ ತಾರೀಖು ಪ್ರತಿ ವರ್ಷ 10–11 ದಿನ ಹಿಂದಕ್ಕೆ ಬರುತ್ತೆ, ಹಾಗಾಗಿ ಈ ಬೇಡಿಕೆ ಪ್ರತಿ ವರ್ಷ ಒಂದೇ ವಾರದಲ್ಲಿ ಬರೋದಿಲ್ಲ. ಗರ್ಭಿಣಿಯರಿಗೆ ಯಾವ ತಿಂಗಳಲ್ಲಾದರೂ ಕೊಡಬಹುದು. 6 ತಿಂಗಳೊಳಗಿನ ಮಗುವಿಗೆ ಫ್ಲೂ ಲಸಿಕೆ ಇಲ್ಲದ್ದರಿಂದ ತಾಯಿಗೆ ಕೊಟ್ಟಿದ್ದೇ ಮಗುವಿಗೆ ರಕ್ಷಣೆ. ಊರಿನ ಹೆರಿಗೆ ವೈದ್ಯರನ್ನು ಕೇಳಿ ಅವರ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸಿ.

"ಹೋದ ವರ್ಷ ನಾಲ್ಕು ತಳಿಯದ್ದು ಕೊಟ್ಟಿರಿ, ಈಗ ಮೂರರದ್ದು ಯಾಕೆ" ಅಂತ ಕೇಳುವವರಿದ್ದಾರೆ. ಬಿ ಯಮಗಾಟಾ ಅನ್ನೋ ತಳಿ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ, ಅದನ್ನು ಸೇರಿಸುವ ಅಗತ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮೂರರದ್ದು ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ನೋಡಬೇಕಾದ್ದು ವಯಸ್ಸು: ಯಾವ ಬ್ರ್ಯಾಂಡ್‌ಗೆ ಯಾವ ವಯಸ್ಸಿನಿಂದ ಅನುಮತಿ ಎಂದು ಬಾಕ್ಸ್‌ನೊಳಗಿನ ಚೀಟಿಯಲ್ಲಿ ಓದಿ. ದೊಡ್ಡವರಿಗೆ ಮಾತ್ರ ಅನುಮತಿ ಇರುವುದನ್ನು ಮಕ್ಕಳ ಬುಟ್ಟಿಯಲ್ಲಿಟ್ಟರೆ ಗಡಿಬಿಡಿಯಲ್ಲಿ ತಪ್ಪಾಗುತ್ತೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಒಂದು ತುರ್ತು ಪ್ರಶ್ನೆ. ಈಗಷ್ಟೇ ಲಾಗರ್ ಹಾಕಿದೆವು. ನಿನ್ನೆ ಕರೆಂಟ್ ಹೋಗಿ 2 ಗಂಟೆ 40 ನಿಮಿಷ ತಾಪ 8 ಡಿಗ್ರಿ ದಾಟಿತ್ತು, ಗರಿಷ್ಠ 11.4. ಜೊತೆಗೆ ಹಿಂದಿನ ಗೋಡೆಗೆ ಅಂಟಿದ್ದ ಎರಡು ಬಾಕ್ಸ್ ಮೇಲೆ ಮಂಜು ಕಟ್ಟಿದೆ. ಅಲ್ಲಾಡಿಸಿ ನೋಡುವ ಪರೀಕ್ಷೆ ಮಾಡಬಹುದಾ?

ಕೋಲ್ಡ್ ಚೈನ್ ನೋಡಿಕೊಳ್ಳುವವರು, ತಾಲ್ಲೂಕು ಆಸ್ಪತ್ರೆ

ಎರಡೂ ಬೇರೆ ಬೇರೆ. ಬಿಸಿಗೆ ಸಿಕ್ಕಿದ್ದನ್ನು ಎಸೆಯಲೂ ಬೇಡಿ, ಕೊಡಲೂ ಬೇಡಿ. 2ರಿಂದ 8 ಡಿಗ್ರಿಯಲ್ಲೇ ಬೇರೆ ಚೀಲಕ್ಕೆ ಹಾಕಿ "ಬಳಸಬೇಡಿ, ವಿಚಾರಣೆಯಲ್ಲಿದೆ" ಅಂತ ಬರೆದಿಡಿ. ಬ್ರ್ಯಾಂಡ್, ಬ್ಯಾಚ್, ಎಷ್ಟು ಡಿಗ್ರಿ, ಎಷ್ಟು ನಿಮಿಷ, ಇದಕ್ಕೆ ಮುಂಚೆ ಹೀಗಾಗಿತ್ತೇ ಎಂಬುದನ್ನು ಲಾಗರ್ ಗ್ರಾಫ್ ಸಮೇತ ಕಂಪನಿಯ ವೈದ್ಯಕೀಯ ವಿಭಾಗಕ್ಕೆ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ತರಿಸಿ. ಬಳಸಬಹುದು ಅಂತ ಬಂದರೆ ಆ ಬಾಕ್ಸ್‌ಗಳಿಗೆ ಗುರುತು ಹಾಕಿ, ಮೊದಲು ಅವನ್ನೇ ಮುಗಿಸಿ. ಬಿಸಿಯ ಹೊಡೆತ ಒಂದರ ಮೇಲೊಂದು ಕೂಡುತ್ತಾ ಹೋಗುತ್ತೆ.

ಮಂಜು ಕಟ್ಟಿದ ಬಾಕ್ಸ್ ತೆಗೆದು ನೋಡಿ. ಒಳಗಿನ ಸಿರಿಂಜ್ ಹೆಪ್ಪುಗಟ್ಟಿದ್ದರೆ ಅಥವಾ ಅಲ್ಲಿ ಸೊನ್ನೆಗಿಂತ ಕೆಳಗಿಳಿದಿತ್ತು ಅಂತ ಗೊತ್ತಾದರೆ ಅದು ಮುಗಿಯಿತು. ಕರಗಿದ ಮೇಲೆ ನೋಡೋಕೆ ಮೊದಲಿನಂತೆಯೇ ಇರುತ್ತೆ, ಅದೇ ಅಪಾಯ. ಅಲ್ಲಾಡಿಸುವ ಪರೀಕ್ಷೆ ಕೆಲಸ ಮಾಡೋದು ಅಲ್ಯೂಮಿನಿಯಂ ಸೇರಿಸಿದ ಲಸಿಕೆಗೆ: ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ ಇಂಥವು. ಹೆಪ್ಪುಗಟ್ಟಿ ಕರಗಿದಾಗ ಅವುಗಳಲ್ಲಿ ಗಸಿ ಬೇಗ ತಳಕ್ಕಿಳಿಯುತ್ತೆ. ನೀವು ಕೊಡುವ ಸಾಮಾನ್ಯ ಫ್ಲೂ ಲಸಿಕೆಯಲ್ಲಿ ಅಲ್ಯೂಮಿನಿಯಂ ಇಲ್ಲ, ಗಸಿಯೂ ಇಲ್ಲ, ಅಲ್ಲಾಡಿಸಿ ತಿಳಿಯೋದೇನೂ ಇಲ್ಲ. ಕೆಲವು ಲಸಿಕೆಗಳ ಸೀಸೆ ಮೇಲಿರುವ, ಬಿಸಿಗೆ ಬಣ್ಣ ಬದಲಾಗುವ ವಿವಿಎಂ ಗುರುತು ಕೂಡ ಬಿಸಿಯನ್ನಷ್ಟೇ ಹೇಳುತ್ತೆ, ಹೆಪ್ಪುಗಟ್ಟಿದ್ದನ್ನು ಹೇಳಲ್ಲ. ಲಾಗರ್ ಅಲಾರಂ ಅನ್ನು ಮೈನಸ್ 0.5ಕ್ಕಿಂತ ಕೆಳಗೆ 60 ನಿಮಿಷ, 8ಕ್ಕಿಂತ ಮೇಲೆ 10 ಗಂಟೆ ಅಂತ ಇಡೋದು ವಾಡಿಕೆ. ನಿಮ್ಮ ಮನೆ ಫ್ರಿಜ್‌ಗೆ ಅಷ್ಟು ಸಡಿಲ ಬೇಡ, 2ಕ್ಕೂ 8ಕ್ಕೂ 15 ನಿಮಿಷದಲ್ಲೇ ಕೂಗುವಂತೆ ಇಡಿ.

ಸ್ಟಾಫ್ ನರ್ಸ್, ಮೈಸೂರು

ರಿಜಿಸ್ಟರ್ ಹೇಗೆ ಬರೆಯಬೇಕು ಅಂತ ಯಾರೂ ಹೇಳಿಲ್ಲ, ಅದನ್ನು ಬರೀತೀನಿ.

ಪಾರ್ಸೆಲ್ ಬಂದ ತಕ್ಷಣ ರಿಸೆಪ್ಷನ್‌ನಲ್ಲಿ ಇಡದೆ ತೆರೆಯಿರಿ. ಬಂದ ಸಮಯ, ಒಳಗಿನ ತಾಪ, ಬ್ಯಾಚ್, ಎಕ್ಸ್‌ಪೈರಿ, ಸದರ್ನೋ ನಾರ್ದರ್ನೋ ಎಲ್ಲವನ್ನೂ ಬಿಲ್‌ನ ಹಿಂದೆ ಬರೆದು ಸಹಿ ಹಾಕಿ. ಕಲ್ಲಿನಂತೆ ಗಟ್ಟಿಯಿರುವ ಜೆಲ್ ಪ್ಯಾಕ್ ಲಸಿಕೆಗೆ ತಾಗಿಕೊಂಡೇ ಇದ್ದರೆ ಫೋಟೋ ತೆಗೆದು ಆಗಲೇ ಸ್ಟಾಕಿಸ್ಟ್‌ಗೆ ಕಳಿಸಿ. ಮಾರನೇ ದಿನ ಹೇಳಿದರೆ ಒಪ್ಪೋದು ಕಷ್ಟ.

ಒಂದು ಬ್ಯಾಚ್‌ಗೆ ಒಂದು ಪುಟ. ಬಂದದ್ದು, ಕೊಟ್ಟದ್ದು, ಹಾಳಾದದ್ದು, ಮೀಸಲು, ಉಳಿದದ್ದು. ಮೀಸಲು ಅನ್ನೋ ಕಾಲಂ ಬೇಕೇ ಬೇಕು, ಶಿವಮೊಗ್ಗದ ಮೇಡಂ ಹೇಳಿದ ಎರಡನೇ ಡೋಸ್ ಅಲ್ಲಿ ಕೂರುತ್ತೆ. ಸೋಮವಾರ ಬೆಳಿಗ್ಗೆ ಕೈಯಾರೆ ಎಣಿಸಿ ಪುಟದ ಜೊತೆ ತಾಳೆ ನೋಡಿ. ಮುಂದಿನ ಆರ್ಡರ್‌ಗೆ ಗೆರೆ ಹಾಕಿಟ್ಟುಕೊಳ್ಳಿ: ವಾರಕ್ಕೆ 12 ಖರ್ಚು, ಮಾಲು ಬರೋಕೆ ಒಂದು ವಾರ ಅಂದರೆ ಮೀಸಲು ಕಳೆದು 20ಕ್ಕೆ ಇಳಿದಾಗ ಫೋನ್ ಮಾಡಬೇಕು. ಆಗಸ್ಟ್ 15ರ ನಂತರ ಆ ಗೆರೆ ತೆಗೆದುಬಿಡಿ; ಆಮೇಲೆ ಹೆಸರು ಹೇಳಿ ಕೇಳಿದವರಿಗಷ್ಟೇ ತರಿಸಿ. ನಿಮ್ಮ 30 ಉಳಿದದ್ದು ಈ ಹಂತದಲ್ಲೇ ಇರಬೇಕು.

ಮೊದಲು ಮುಗಿಯುವ ಎಕ್ಸ್‌ಪೈರಿ ಮುಂದೆ, ಹೊಸದು ಹಿಂದೆ. ಸದರ್ನ್‌ಗೆ ಹಸಿರು ಸ್ಟಿಕ್ಕರ್, ನಾರ್ದರ್ನ್‌ಗೆ ನೀಲಿ, ಬೇರೆ ಬುಟ್ಟಿ. ಸಿರಿಂಜ್ ಮೇಲೆ ಕಿತ್ತು ಅಂಟಿಸುವ ಚೀಟಿ ಇದ್ದರೆ ಒಂದನ್ನು ಮಗುವಿನ ಕಾರ್ಡ್‌ಗೆ ಅಂಟಿಸಿ, ಬ್ಯಾಚ್ ನಂಬರ್ ರಿಜಿಸ್ಟರ್‌ಗೆ ಬರೆಯಿರಿ. ಲಸಿಕೆ ಆದ ಮೇಲೆ ಏನಾದರೂ ತೊಂದರೆಯಾದರೆ ಮೊದಲು ಕೇಳೋದು ಅದನ್ನೇ.

ಹಾಳಾದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ. ಸೂಜಿ ಅಂಟಿಕೊಂಡೇ ಇರುವ ಬಳಸಿದ ಸಿರಿಂಜ್ ಬಿಳಿ, ಚುಚ್ಚದ ಡಬ್ಬಕ್ಕೆ. ಎಕ್ಸ್‌ಪೈರಿ ಆದ, ಹೆಪ್ಪುಗಟ್ಟಿದ ಲಸಿಕೆ ಹಳದಿ ಚೀಲಕ್ಕೆ. ವಾಪಸ್ ತಗೊಳ್ಳುವ ಕಂಪನಿಯಾದರೆ ಅದರ ಪತ್ರ ಬರುವವರೆಗೆ ಫ್ರಿಜ್‌ನಿಂದ ಹೊರಗೆ, ಬೀಗ ಹಾಕಿದ ಡಬ್ಬದಲ್ಲಿ. ನಿಮ್ಮ ಆ ಎರಡು ಬಾಕ್ಸ್ ಹೆಪ್ಪುಗಟ್ಟಿದ್ದೇ ಆದರೆ ಇವತ್ತೇ ಫ್ರಿಜ್‌ನಿಂದ ತೆಗೆದು, "ಹಾಳಾದದ್ದು" ಕಾಲಂನಲ್ಲಿ ಬ್ಯಾಚ್ ಸಮೇತ ಬರೆದುಬಿಡಿ. ಕರಗಿದ ಮೇಲೆ ಅವು ಒಳ್ಳೆಯ ಬಾಕ್ಸ್‌ಗಳ ನಡುವೆ ಸೇರಿಕೊಂಡರೆ ಗುರುತು ಹಿಡಿಯೋಕಾಗಲ್ಲ.