ನಾಯಿ ಗ್ರೂಮಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ

ಕೇಳಿದ್ದು: ನಮ್ಮದು ಶಿವಮೊಗ್ಗ. ಮನೆಯಲ್ಲಿ ಉದ್ದ ಕೂದಲಿನ ಶಿಟ್ಜು ನಾಯಿ ಇದೆ, ಅದರ ಕೂದಲಿನ ಕೆಲಸ ಎಲ್ಲಾ ನನ್ನದೇ. ಇದನ್ನೇ ದುಡಿಮೆ ಮಾಡಿಕೊಳ್ಳುವ ಆಸೆ. ಬೆಂಗಳೂರಿಗೆ ಹೋಗಿ ಸ್ಟೈಲಿಂಗ್ ಕೋರ್ಸ್ ಮಾಡಲಾ? ಮೊದಲು ಏನು ಕಲಿಯಬೇಕು, ಏನು ಕೊಳ್ಳಬೇಕು?

ವಿನೋಬನಗರದಿಂದ, ಇದೇ ಕೆಲಸ ಮಾಡುವವರು: ಕೋರ್ಸ್ ಖಂಡಿತ ಮಾಡಿ. ಆದರೆ ಅದಕ್ಕೆ ಮೊದಲು ಬಾಚುವುದು, ಒಣಗಿಸುವುದು ಕೈಗೆ ಹತ್ತಲಿ. ನನ್ನ ಹತ್ತಿರ ಟೆಡ್ಡಿ ಕಟ್ (ಗೊಂಬೆಯ ಹಾಗೆ ದುಂಡಗೆ ಕತ್ತರಿಸುವುದು) ಕೇಳಿಕೊಂಡು ಬರುವವರು ಕಡಿಮೆ. "ಮೈಯೆಲ್ಲ ಸಿಕ್ಕಾಗಿದೆ, ವಾಸನೆ ಬರ್ತಿದೆ" ಅಂತ ಬರುವವರೇ ಜಾಸ್ತಿ.

ಸಿಕ್ಕನ್ನು ಸ್ನಾನಕ್ಕೆ ಮೊದಲೇ ಬಿಡಿಸಬೇಕು. ನೀರು ಬಿದ್ದರೆ ಅದು ಇನ್ನೂ ಬಿಗಿಯುತ್ತದೆ. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿಯಿರಿ, ಚರ್ಮ ಗೆರೆಯಾಗಿ ಕಾಣಬೇಕು. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೂದಲು ಇಳಿಸುತ್ತಾ ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲಿನದು) ಆಡಿಸಿ, ಆಮೇಲೆ ಸ್ಟೀಲ್ ಬಾಚಣಿಗೆ. ಬುಡದಿಂದ ತುದಿವರೆಗೆ ಎಲ್ಲೂ ತಡೆಯದೆ ಬಂದರೆ ಮಾತ್ರ ಆ ಜಾಗ ಮುಗಿದ ಹಾಗೆ. ಕಿವಿ ಹಿಂದೆ, ಕಂಕುಳು, ತೊಡೆ ಸಂದು, ಕೊರಳಪಟ್ಟಿಯ ಅಡಿ – ಸಿಕ್ಕು ಅಡಗುವುದು ಇಲ್ಲೇ.

ಬಿಡಿಸಲಾಗದ ಗಂಟಿಗೆ ಕತ್ತರಿ ಹಾಕಲೇಬೇಡಿ. ಚರ್ಮ ಗಂಟಿನ ಒಳಗೆ ಎಳೆದುಕೊಂಡಿರುತ್ತದೆ, ಕೂದಲು ಅಂದುಕೊಂಡು ಚರ್ಮವನ್ನೇ ಕತ್ತರಿಸಿಬಿಡುತ್ತೀರಿ. ಕ್ಲಿಪ್ಪರ್‌ಗೆ 10ನೇ ನಂಬರ್ ಬ್ಲೇಡ್ ಹಾಕಿ, ಗಂಟಿನ ಅಡಿಯಿಂದ ನಿಧಾನವಾಗಿ ಬನ್ನಿ. ಬ್ಲೇಡಿನ ನಂಬರ್ ಹೆಚ್ಚಾದಷ್ಟೂ ಕೂದಲು ಗಿಡ್ಡ: 10 ಸುಮಾರು ಒಂದೂವರೆ ಮಿಲಿಮೀಟರ್ ಬಿಡುತ್ತದೆ, 7 ಸುಮಾರು ಮೂರು. ಓಡುತ್ತಾ ಓಡುತ್ತಾ ಬ್ಲೇಡ್ ಕಾಯುತ್ತದೆ. ಆಗಾಗ ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ.

ಇನ್ನು ಒಣಗಿಸುವುದು. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಮನೆಯ ಬಟ್ಟೆಯೇ ಒಣಗುವುದಿಲ್ಲ, ಇನ್ನು ಲ್ಯಾಬ್ರಡಾರಿನ ಒಳಗೂದಲು ಒಣಗುತ್ತದಾ? ಮೇಲೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಬುಡದಲ್ಲಿ ತೇವ ಕೂತಿರುತ್ತದೆ. ಅಲ್ಲೇ ಕೆರೆತ, ಅಲ್ಲೇ ಹುಣ್ಣು. ನಮ್ಮ ಹೇರ್ ಡ್ರೈಯರ್ ಇದಕ್ಕೆ ಸಾಲದು. ಗ್ರೂಮಿಂಗ್ ಬ್ಲೋವರ್ ಗಾಳಿಯ ರಭಸದಿಂದ ನೀರನ್ನು ಹೊರಗೆ ತಳ್ಳುತ್ತದೆ. ಹಿಂಗಾಲಿನಿಂದ ಶುರು ಮಾಡಿ, ಮುಖಕ್ಕೆ ರಭಸದ ಗಾಳಿ ಬೇಡವೇ ಬೇಡ. ಶಬ್ದಕ್ಕೆ ಹೆದರುವ ನಾಯಿಗೆ ಮೊದಲ ದಿನ ಸುಮ್ನೆ ದೂರದಲ್ಲಿ ಆನ್ ಮಾಡಿಟ್ಟು ತಿಂಡಿ ಕೊಡಿ, ಅಷ್ಟೇ ಸಾಕು. ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಮಾಮೂಲಿ ಮನೆಯ ಯುಪಿಎಸ್ ಬ್ಲೋವರ್ ಎಳೆಯುವುದಿಲ್ಲ. ಕರೆಂಟ್ ನೋಡಿಕೊಂಡೇ ನೀರು ಹಾಕಿ.

ಸಾಗರದಿಂದ: ನಾನು ನಾಯಿ ಸಾಕಿದವಳು ಅಷ್ಟೇ. ಸೆಕೆ ಅಂತ ನಮ್ಮ ಪೊಮೇರಿಯನ್‌ನ ಒಂದು ಗ್ರೂಮಿಂಗ್ ಅಂಗಡಿಯಲ್ಲಿ ಪೂರ್ತಿ ಬೋಳಿಸಿ ಕಳಿಸಿದರು. ಕೂದಲು ಮರಳಿ ಬಂತು, ಆದರೆ ಹಳೆಯ ಹಾಗಲ್ಲ, ಬೆನ್ನ ಮೇಲೆ ತೇಪೆ ತೇಪೆ. ಎರಡು ಪದರದ ಕೂದಲಿನ ನಾಯಿಗೆ ಅದೇ ಬಿಸಿಲಿನ ರಕ್ಷಣೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಮಾಲೀಕರು ಕೇಳಿದರೂ "ಬೇಡ, ಉದುರುವ ಒಳಗೂದಲು ಬಾಚಿ ತೆಗೆಯೋಣ" ಅನ್ನುವ ಧೈರ್ಯ ನಿಮಗಿರಲಿ ಅಕ್ಕ.

ತೀರ್ಥಹಳ್ಳಿಯಿಂದ: ಉಣುಗಿನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆ ನಾಯಿ ತೋಟ, ಕಾಡು ಎಲ್ಲಾ ಸುತ್ತಿ ಬರುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗಿನಿಂದ. ಹಾಗಾಗಿ ಗ್ಲೌಸ್ ಹಾಕಿಕೊಂಡೇ ಕೂರಿ. ಬೆರಳ ಸಂದು, ಕಿವಿಯ ಒಳಮಡಿಕೆ ಮೊದಲು ನೋಡಿ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸುಡುವುದು, ಉಗುರಲ್ಲಿ ಒತ್ತಿ ಒಡೆಯುವುದು ಬೇಡ. ನಾಯಿ ಮಂಕಾಗಿದ್ದು ಒಸಡು ಬಿಳಚಿಕೊಂಡಿದ್ದರೆ ಸ್ನಾನ ಮಾಡಿಸದೆ ಡಾಕ್ಟರ್ ಹತ್ತಿರ ಕಳಿಸಿ, ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ. ಮೂಗಿಗೆ ಇಂಬಳ (ಜಿಗಣೆ) ಹೊಕ್ಕಿದ್ದರೂ ಅಷ್ಟೇ, ನೀವು ಕೈ ಹಾಕಬೇಡಿ.

ಕೇಳಿದವರು: ತುಂಬಾ ಉಪಕಾರ. ಹಾಗಾದರೆ ಕತ್ತರಿ ಸೆಟ್ ಈಗಲೇ ಬೇಡವಾ? ಶಿಟ್ಜು ಮುಖ ದುಂಡಗೆ ಬರುವುದೇ ಇಲ್ಲ ನನಗೆ.

ವಿನೋಬನಗರದಿಂದ: ಮೊದಲು ಸ್ಲಿಕರ್, ಸ್ಟೀಲ್ ಬಾಚಣಿಗೆ, ಬ್ಲೋವರ್. ಆಮೇಲೆ ಕ್ಲಿಪ್ಪರ್, ಜೊತೆಗೆ 10 ಮತ್ತು 7ರ ಬ್ಲೇಡ್. ಕತ್ತರಿಯಲ್ಲಿ ಸದ್ಯಕ್ಕೆ ಒಂದು ಬಾಗಿದ್ದು, ಒಂದು ತಿನ್ನಿಂಗ್ (ಹಲ್ಲಿರುವ, ಕೂದಲನ್ನು ತೆಳುವಾಗಿಸುವ ಕತ್ತರಿ) ಸಾಕು. ಮುಖ ದುಂಡಗೆ ಬರದಿರುವುದಕ್ಕೆ ಬಹುಪಾಲು ಕಾರಣ ಕೂದಲು ನೇರವಾಗಿ ಒಣಗದೇ ಇರುವುದು. ತೇವ ಇರುವಾಗಲೇ ಬಾಚುತ್ತಾ ಕಡಿಮೆ ಗಾಳಿ, ಕಡಿಮೆ ಬಿಸಿಯಲ್ಲಿ ಒಣಗಿಸಿ, ಕೂದಲು ಅರಳಿ ನಿಲ್ಲುತ್ತದೆ. ಆಮೇಲೆ ಕೂದಲನ್ನು ಹೊರಕ್ಕೆ ಬಾಚಿ, ಗದ್ದದಿಂದ ಕಿವಿಯ ಕಡೆಗೆ ಬಾಗಿದ ಕತ್ತರಿಯಲ್ಲಿ ಸುತ್ತು ಹಾಕಿ. ಕಣ್ಣಿನ ಮೂಲೆಗೆ ತಿನ್ನಿಂಗ್ ಮಾತ್ರ, ತುದಿ ಯಾವತ್ತೂ ಕಣ್ಣಿನ ಕಡೆ ತಿರುಗಬಾರದು.

ಕೋರ್ಸ್ ಸೇರುವ ಮುಂಚೆ ಒಂದೇ ಮಾತು ಕೇಳಿ: ಸ್ನಾನದಿಂದ ಒಣಗಿಸುವವರೆಗೆ ಪೂರ್ತಿ ನಾಯಿಯನ್ನು ನನ್ನ ಕೈಗೇ ಕೊಡುತ್ತೀರಾ, ಅಥವಾ ನಿಂತು ನೋಡಬೇಕಾ? ನಿಂತು ನೋಡುವುದಾದರೆ ದುಡ್ಡು ಕಟ್ಟಬೇಡಿ.