ಚಿಕ್ಕಪ್ಪ, ಫೋನ್ ಯಾಕೆ ಆಫ್ ಆಗಿತ್ತು ಅಂದ್ರೆ…

ಹಾಂ, ಕೇಳಿಸ್ತಿದ್ಯಾ? ಚಿಕ್ಕಪ್ಪ, ನಿಮ್ಮ ಏಳು ಮಿಸ್ಡ್ ಕಾಲ್ ಈಗ ನೋಡಿದೆ. "ಕಠ್ಮಂಡುಗೆ ಹೋದವಳು ಮೊದಲನೇ ದಿನವೇ ಫೋನ್ ಆಫ್ ಮಾಡ್ಕೊಂಡು ಎಲ್ಲಿ ಹೋದ್ಲು" ಅಂತ ಗ್ರೂಪಲ್ಲಿ ಹಾಕಿದ್ದೂ ನೋಡಿದೆ. ಚಳಿಗೆ ಬೆರಳು ಮರಗಟ್ಟಿದೆ, ಟೈಪ್ ಮಾಡೋಕಾಗಲ್ಲ, ಅದಕ್ಕೇ ವಾಯ್ಸ್. ಉದ್ದ ಆಗುತ್ತೆ. ಅಜ್ಜಿಗೆ ಸ್ಪೀಕರ್ ಹಾಕಿ ಕೇಳಿಸಿ.

ಅಜ್ಜಿ, ಊಟ ಆಯ್ತು. ಅನ್ನ, ಬೇಳೆ, ಸೊಪ್ಪಿನ ಪಲ್ಯ, ಉಪ್ಪಿನಕಾಯಿ. ತಟ್ಟೆ ಖಾಲಿ ಆಗೋಕೆ ಬಿಡಲ್ಲ, ಬಡಿಸ್ತಾನೇ ಇರ್ತಾರೆ. ಚಿಂತೆ ಬಿಡು.

ಈಗ ಫೋನ್ ವಿಷಯ. ನಮ್ಮ ಸರ್ ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು ಬಾಂಬ್ ಹಾಕಿದ್ರು. ಎಲ್ರೂ ಫೋನ್ ಆಫ್ ಮಾಡಿ ಬ್ಯಾಗಲ್ಲಿಡಿ, ಅಸನ್ ಅನ್ನೋ ಚೌಕದಿಂದ ಕಾಷ್ಠಮಂಡಪ ಅನ್ನೋ ಮಂಟಪದ ತನಕ ನಡೀರಿ, ನಡೆದ ದಾರಿನ ಕೈಯಲ್ಲೇ ನಕ್ಷೆ ಬರೀರಿ, ಸರಿಯಾಗಿ ಒಂದು ಗಂಟೆಗೆ ಅಲ್ಲಿ ಸಿಗಿ ಅಂದ್ರು. ಮೂರು ಮೂರು ಜನದ ಗುಂಪು. ಆರ್ಕಿಟೆಕ್ಚರ್ ಓದೋರಿಗೆ ಊರು ಕಾಲಿಗೆ ಸಿಗಬೇಕಂತೆ. ದಾರಿ ಒಂದು ಕಿಲೋಮೀಟರೂ ಇಲ್ಲ ಅನ್ಸುತ್ತೆ, ನಮಗೆ ಮೂರು ಗಂಟೆಗೂ ಮೇಲೆ ಹಿಡೀತು!

ಆ ದಾರಿ ಹಳೇ ಊರನ್ನ ಓರೆಯಾಗಿ ಸೀಳ್ಕೊಂಡು ಹೋಗುತ್ತೆ. ಹಿಂದೆ ಇಂಡಿಯಾದಿಂದ ಟಿಬೆಟ್‌ಗೆ ಹೋಗೋ ವ್ಯಾಪಾರದ ದಾರಿ ಅದೇ. ಅಸನ್ ಅಂದ್ರೆ ಆರು ದಾರಿ ಕೂಡೋ ಜಾಗ. ನಮ್ಮ ಸಂತೇಪೇಟೆನ ಇನ್ನೂ ಹಿಂಡಿ ಕಿರಿದು ಮಾಡಿದ ಹಾಗೆ. ಮೆಣಸಿನಕಾಯಿ, ಹಿತ್ತಾಳೆ ಪಾತ್ರೆ, ಒಣಮೀನು, ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ. ಮಧ್ಯೆ ಅನ್ನಪೂರ್ಣೆ ಗುಡಿ ಇದೆ ಅಜ್ಜಿ. ಹೊರನಾಡಿನ ಥರ ನಿಂತಿರೋ ಅಮ್ಮ ಇರ್ತಾಳೆ ಅಂತ ಇಣುಕಿದ್ರೆ ಒಳಗೆ ವಿಗ್ರಹವೇ ಇಲ್ಲ. ಕಲಶ! ಅದೇ ಅನ್ನಪೂರ್ಣೆ. ನೀನು ವರಮಹಾಲಕ್ಷ್ಮಿಗೆ ಕೂರಿಸ್ತೀಯಲ್ಲ, ಅದೇ ನೆನಪಾಯ್ತು.

ಅಲ್ಲಿಂದ ನೇರ ಹೋಗಿದ್ರೆ ಕಥೆನೇ ಇರ್ತಿರ್ಲಿಲ್ಲ. ನನ್ನ ರೂಮ್‌ಮೇಟ್‌ಗೆ ಹಲ್ಲುನೋವಿನ ದೇವರನ್ನ ನೋಡಲೇಬೇಕಿತ್ತು. ನಗಬೇಡಿ, ನಿಜವಾಗ್ಲೂ ಇದೆ. ಬಂಗೆಮುಢಾ ಅನ್ನೋ ಕಡೆ ಗೋಡೆ ಪಕ್ಕ ಒಂದು ಮರದ ಕೊರಡು. ಹಲ್ಲು ನೋಯೋರು ಬಂದು ಅದಕ್ಕೆ ನಾಣ್ಯ ಇಟ್ಟು ಮೊಳೆ ಹೊಡೀತಾರೆ. ಹೊಡೆದು ಹೊಡೆದು ಮರವೇ ಕಾಣಲ್ಲ, ಬರೀ ತುಕ್ಕು ಹಿಡಿದ ಕಬ್ಬಿಣದ ಗೂಡು. ಸುತ್ತಮುತ್ತ ಹಲ್ಲಿನ ಡಾಕ್ಟರ್ ಅಂಗಡಿಗಳು, ಕಿಸಿದ ಹಲ್ಲಿನ ಬೋರ್ಡು. ದೇವರ ಕೈಲಿ ಆಗದಿದ್ರೆ ಎದುರುಗಡೆಗೆ ಹೋಗು ಅಂತ.

ಅಲ್ಲಿಂದ ದಾರಿ ತಪ್ಪಿದ್ವಿ. ಗಲ್ಲಿ ಅಂದ್ಕೊಂಡು ಒಂದು ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ನುಗ್ಗಿದ್ರೆ ಒಳಗೆ ದೊಡ್ಡ ಅಂಗಳ. ನಡುವೆ ಪುಟ್ಟ ಸ್ತೂಪ, ಅದರ ಪಕ್ಕದಲ್ಲೇ ಬಟ್ಟೆ ಒಣಗ್ತಿದೆ, ಹುಡುಗರು ಚೆಂಡಾಡ್ತಿದಾರೆ. ಇದಕ್ಕೆ ಬಹಾಲ್ ಅಂತಾರೆ, ಹಳೇ ಬೌದ್ಧ ವಿಹಾರದ ಅಂಗಳ, ಸುತ್ತ ಮನೆಗಳು. ಬಿಸಿಲಿಗೆ ಕೂತಿದ್ದ ಒಬ್ಬ ಅಜ್ಜಿ ನನ್ನ ನಕ್ಷೆ ಇಸ್ಕೊಂಡು ತಲೆಕೆಳಗೆ ಹಿಡಿದು ನೋಡಿ, ನಕ್ಕು, ಕೈಮಾಡಿ ಇನ್ನೊಂದು ಬಾಗಿಲು ತೋರಿಸಿದ್ರು. ಆ ಬಾಗಿಲು ದಾಟಿದ್ರೆ ಇನ್ನೊಂದು ಅಂಗಳ! ನನ್ನ ನಕ್ಷೆಯಲ್ಲಿ ಆ ಭಾಗ ಇಡ್ಲಿ ತಟ್ಟೆ ಥರ ಕಾಣುತ್ತೆ.

ಚಿಕ್ಕಪ್ಪ, "ವೀಸಾನೇ ಬೇಡ, ನೇಪಾಳ ಯಾವ ಸೀಮೆ ಫಾರಿನ್ನು" ಅಂತ ರೇಗಿಸಿದ್ರಲ್ಲ? ನನಗೂ ಬೆಳಿಗ್ಗೆ ಹಾಗೇ ಅನ್ಸಿತ್ತು. ಹಿಂದಿ ನಡೆಯುತ್ತೆ, ದೇವರುಗಳೆಲ್ಲ ಗೊತ್ತಿರೋರೇ, ಗುಡಿ ಮೇಲಿನ ಅಂತಸ್ತು ಅಂತಸ್ತಿನ ಇಳಿಜಾರು ಮಾಡು ನೋಡಿದ್ರೆ ಮೂಡುಬಿದಿರೆ ಬಸದಿ ನೆನಪಾಗುತ್ತೆ. ಆದ್ರೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ರೆ 2082! ಇಲ್ಲಿ ವಿಕ್ರಮ ಸಂವತ್ ಲೆಕ್ಕ. ಇಂದ್ರಚೌಕದಲ್ಲಿ ಟೋಪಿ ಕೊಂಡೆ. ಐನೂರು ಅಂದ, ನಾನು ಐನೂರು ಕೊಟ್ಟೆ, ಅವನೇ ನಕ್ಕು "ಐಸಿಯಾ, ಎನ್‌ಸಿಯಾ?" ಅಂದ. ನಮ್ಮ ದುಡ್ಡು ಐಸಿ, ಅವರದ್ದು ಎನ್‌ಸಿ. ನಮ್ಮ ನೂರಕ್ಕೆ ಅವರ ನೂರಾ ಅರವತ್ತು. ಅವನು ಕೇಳದೇ ಇದ್ದಿದ್ರೆ ಹೆಚ್ಚುಕಮ್ಮಿ ನೂರಾ ತೊಂಬತ್ತು ರೂಪಾಯಿ ನಾಮ.

ಇನ್ನೊಂದು, ಇದನ್ನ ಹೇಳೋಕೆ ನಾಚಿಕೆ. ಫೋನ್ ಇಲ್ಲ ಅಂತ ತಾತನ ಎಚ್‌ಎಂಟಿ ವಾಚ್ ಕಟ್ಕೊಂಡು ಹೋಗಿದ್ದೆ. ಅದು ನೋಡ್ಕೊಂಡೇ ಓಡಿ ಓಡಿ ಕಾಷ್ಠಮಂಡಪ ಮುಟ್ಟಿದಾಗ ಕರೆಕ್ಟಾಗಿ ಒಂದು ಗಂಟೆ. ಸರ್ ಕಟ್ಟೆ ಮೇಲೆ ಕೂತ್ಕೊಂಡು "ಕಾಲು ಗಂಟೆ ಲೇಟು" ಅಂದ್ರು. ವಾದ ಮಾಡಿದೆ, ವಾಚ್ ತೋರಿಸಿದೆ, ತಾತನ ವಾಚ್ ಯಾವತ್ತೂ ತಪ್ಪಲ್ಲ ಅಂದೆ. ಎಲ್ರೂ ಬಿದ್ದು ಬಿದ್ದು ನಕ್ಕರು. ಇಲ್ಲಿನ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ! ಬರೀ ಹದಿನೈದು. ಯಾರಿಗಾದ್ರೂ ಹೊಳೆಯುತ್ತಾ?

ಆ ಕಾಷ್ಠಮಂಡಪ ನೋಡಿ ಮಾತ್ರ ನಮ್ಮ ಗಲಾಟೆ ನಿಂತುಹೋಯ್ತು. ಮೂರು ಅಂತಸ್ತಿನ ಮರದ ಮಂಟಪ, ಊರಿಗೆ ಹೆಸರು ಬಂದಿದ್ದೇ ಇದರಿಂದ. ಒಂದೇ ಮರದಿಂದ ಕಟ್ಟಿದ್ದು ಅಂತ ಕಥೆ ಹೇಳ್ತಾರೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪೂರ್ತಿ ಕುಸಿದಿತ್ತು. ಆಗ ಒಳಗೆ ರಕ್ತದಾನ ಶಿಬಿರ ನಡೀತಿತ್ತಂತೆ, ಬಂದವರಲ್ಲಿ ಕೆಲವರು ಅಲ್ಲೇ ಹೋದ್ರು. ಅವತ್ತು ಶನಿವಾರ, ಇಲ್ಲಿ ವಾರದ ರಜೆ ಶನಿವಾರವೇ, ಸ್ಕೂಲುಗಳು ಖಾಲಿ ಇದ್ವು. ಇಲ್ಲದಿದ್ರೆ ಎಷ್ಟು ಮಕ್ಕಳು ಹೋಗ್ತಿದ್ರೋ. ಆಮೇಲೆ ಅಡಿಪಾಯ ಅಗೆದಾಗ ಅದು ಏಳನೇ ಶತಮಾನದಷ್ಟು ಹಳೇದು ಅಂತ ಗೊತ್ತಾಗಿದೆ. ಊರಿನವರೇ ನಿಂತು ಹಳೇ ಕ್ರಮದಲ್ಲೇ ಮತ್ತೆ ಕಟ್ಟಿಸಿದ್ದಾರೆ. ಹೊಸ ಕಂಬದ ಬುಡಕ್ಕೆ ಒರಗಿ ಕೂತು ನಕ್ಷೆ ಮುಗಿಸ್ತಿದ್ದೆ, ಪಕ್ಕದಲ್ಲಿ ಒಬ್ಬ ತರಕಾರಿ ಬುಟ್ಟಿ ಇಳಿಸಿ ನಿದ್ದೆ ಹೊಡೀತಿದ್ದ. ಮೊದಲಿಂದಲೂ ಅದು ದಾರಿಹೋಕರಿಗೇ ಇರೋ ಜಾಗವಂತೆ.

ಅಜ್ಜಿ, ಪಶುಪತಿನಾಥನ ದರ್ಶನ ನಾಳಿದ್ದು. ಅಲ್ಲಿ ಗರ್ಭಗುಡಿ ಪೂಜೆಯ ಭಟ್ಟರು ನಮ್ಮ ಕರ್ನಾಟಕದ ಕಡೆಯವರು ಅಂತ ನೀನು ಹೇಳ್ತಿದ್ದೆ, ಸರ್ ಕೂಡ ಅದನ್ನೇ ಹೇಳಿದ್ರು. ಕನ್ನಡದಲ್ಲಿ ಮಾತಾಡಿಸೋಕೆ ಸಿಕ್ಕಿದ್ರೆ ನಿನ್ನ ಹೆಸರಲ್ಲೇ ನಮಸ್ಕಾರ ಹೇಳ್ತೀನಿ.

ದೊಡ್ಡಮ್ಮ, ನಿಮಗೆ ಇಂದ್ರಚೌಕದ ಮಣಿ ಸರ ತರ್ತೀನಿ. ಪೋತೆ ಅಂತಾರೆ, ಇಲ್ಲಿ ಮುತ್ತೈದೆಯರು ಹಾಕ್ಕೊಳ್ಳೋದು, ಸಣ್ಣ ಸಣ್ಣ ಗಾಜಿನ ಮಣಿ, ಕಣ್ಮುಂದೆಯೇ ಪೋಣಿಸಿ ಕೊಡ್ತಾರೆ. ಕೆಂಪಾ, ಹಸಿರಾ? ನಾಳೆ ಹತ್ತು ಗಂಟೆಗೆ ಮತ್ತೆ ಫೋನ್ ಆಫ್. ಇಲ್ಲಿನ ಹತ್ತು, ನಿಮ್ಮ ಒಂಬತ್ತು ಮುಕ್ಕಾಲು. ಅಷ್ಟರೊಳಗೆ ಹೇಳಿಬಿಡಿ.