ಶೆಲ್ಫ್ ಪಿನ್ ತೂತಿಗೆ ಜಿಗ್: ಪೆಗ್‌ಬೋರ್ಡ್ ಸಾಕಾ, ಮರದ್ದೇ ಬೇಕಾ?

ಹೊಸ ಉಳಿ: 18 ಮಿ.ಮೀ. ಪ್ಲೈವುಡ್‌ನಲ್ಲಿ ಕಪಾಟು ಮಾಡುತ್ತಿದ್ದೇನೆ. ಒಳಗಿನ ಹಲಗೆಗಳನ್ನು ಬೇಕಾದ ಎತ್ತರಕ್ಕೆ ಇಡುವ ಹಾಗೆ ಎರಡೂ ಬದಿಯಲ್ಲಿ, ಹಲಗೆಯನ್ನು ಹೊರುವ ಪಿನ್‌ಗಳಿಗೆ ತೂತು ಕೊರೆಯಬೇಕು. ಹಳೇ ತುಂಡುಗಳ ಮೇಲೆ ಪೆನ್ಸಿಲ್ ಗುರುತು ಹಾಕಿ ಕೊರೆದು ನೋಡಿದೆ, ಹಲಗೆ ಇಟ್ಟರೆ ಒಂದು ಮೂಲೆ ಕುಣಿಯುತ್ತದೆ. ಸಾಲಾಗಿ ತೂತಿರುವ ಪೆಗ್‌ಬೋರ್ಡ್ ಹಲಗೆಯ ತುಂಡನ್ನೇ ಜಿಗ್ (ತೂತು ಸರಿಯಾದ ಜಾಗಕ್ಕೇ ಬೀಳುವಂತೆ ಮೇಲಿಟ್ಟು ಕೊರೆಯುವ ಅಚ್ಚು) ಮಾಡಿಕೊಂಡರೆ ಸಾಕಾ?

ಮರದ ಹುಚ್ಚು: ಒಂದು ಕಪಾಟಿಗೆ ಧಾರಾಳವಾಗಿ ಸಾಕು. ತೂತುಗಳು ಇಂಚಿಗೊಂದರಂತೆ ಸಮವಾಗಿ ಇರುತ್ತವೆ, ಅಳೆಯುವ ಕೆಲಸವೇ ಇಲ್ಲ. ಬೇಡದ ತೂತಿಗೆ ಟೇಪ್ ಅಂಟಿಸಿಬಿಡಿ, ಇಲ್ಲಾಂದ್ರೆ ಕೊರೆಯುವ ಭರದಲ್ಲಿ ಅಲ್ಲೂ ಒಂದು ಬೀಳುತ್ತದೆ.

ನೇರ ಗೆರೆ: ನಾನು ಒಪ್ಪಲ್ಲ. ಪೆಗ್‌ಬೋರ್ಡ್ ತೀರಾ ತೆಳು, ಡ್ರಿಲ್ ಓರೆಯಾದರೆ ಬಿಟ್ಟನ್ನು (ಡ್ರಿಲ್‌ನ ಕೊರೆಯುವ ಕಡ್ಡಿ) ಹಿಡಿದು ನಿಲ್ಲಿಸುವ ದಪ್ಪ ಅದಕ್ಕಿಲ್ಲ, ಜೊತೆಗೆ ಬಿಟ್ ತಿರುಗಿ ತಿರುಗಿ ತೂತೇ ಸಡಿಲವಾಗುತ್ತದೆ. ಗಟ್ಟಿ ಮರದ 18 ಮಿ.ಮೀ. ಪಟ್ಟಿ ತಗೊಳ್ಳಿ. 5 ಮಿ.ಮೀ. ತೂತು, 32 ಮಿ.ಮೀ. ಅಂತರ, ಕಪಾಟಿನ ಮುಂದಿನ ಅಂಚಿನಿಂದ 37 ಮಿ.ಮೀ. ಒಳಕ್ಕೆ. ಪಟ್ಟಿಯ ತೂತುಗಳನ್ನು ಮಾತ್ರ ಡ್ರಿಲ್ ಪ್ರೆಸ್‌ನಲ್ಲೇ (ನೆಟ್ಟಗೆ ಕೊರೆಯುವ, ಸ್ಟ್ಯಾಂಡ್ ಇರುವ ಡ್ರಿಲ್) ಹಾಕಿ.

ಮರದ ಹುಚ್ಚು: 32 ಯಾಕೆ? ಅದು ಫ್ಯಾಕ್ಟರಿ ಕಪಾಟಿನ ಅಳತೆ. ಹಿಂಜ್, ಡ್ರಾಯರ್ ಚಾನೆಲ್ ಎಲ್ಲ ಅದೇ ಸಾಲಿಗೆ ಕೂರಬೇಕು ಅನ್ನುವವರಿಗೆ ಸರಿ. ಇವರದು ಬರೀ ಹಲಗೆ ಅಲ್ವಾ?

ನೇರ ಗೆರೆ: ಅದು ನಿಜ, ಬರೀ ಹಲಗೆಗಾದರೆ 30 ಆದರೂ 40 ಆದರೂ ನಡೆಯುತ್ತದೆ. ಹಾಗೆ ನೋಡಿದರೆ ಅಂತರದಲ್ಲಿ ಅರ್ಧ ಮಿ.ಮೀ. ತಪ್ಪಿದ್ದರೂ ಹಲಗೆ ಕುಣಿಯಲ್ಲ, ಯಾಕಂದ್ರೆ ಅದೇ ತಪ್ಪು ನಾಲ್ಕೂ ಸಾಲಿನಲ್ಲಿ (ಬದಿಗೆ ಎರಡರಂತೆ) ಅದೇ ಜಾಗಕ್ಕೆ ಬೀಳುತ್ತದೆ. ಜಿಗ್ ಮಾಡುವುದೇ ಇದಕ್ಕೆ. ಪೆನ್ಸಿಲ್‌ನಲ್ಲಿ ನಾಲ್ಕು ಸಾಲಿಗೂ ನಾಲ್ಕು ಬೇರೆ ತಪ್ಪು.

ಗರಗಸದ ಸದ್ದು: ಅದೇ ಮಾತಿಗೆ ಇದನ್ನೂ ಸೇರಿಸಿ: ಜಿಗ್‌ನ ಒಂದೇ ತುದಿ ಪ್ರತಿ ಸಲವೂ ಕೆಳಗೇ ಇರಬೇಕು. ಒಮ್ಮೆ ಬಲಬದಿಗೆ ಬಂದಾಗ ಪಟ್ಟಿಯನ್ನು ತಲೆಕೆಳಗು ಇಟ್ಟುಬಿಟ್ಟೆ. ಒಂದು ತುದಿಯಿಂದ ಮೊದಲ ತೂತಿಗೆ 60 ಮಿ.ಮೀ., ಇನ್ನೊಂದು ತುದಿಯಿಂದ 52. ಹಲಗೆ 8 ಮಿ.ಮೀ. ವಾಲಿತು, ಆ ಬದಿಯ ಪ್ಲೈ ಪೂರ್ತಿ ಹಾಳು. ಈಗ ಪಟ್ಟಿಯ ಎರಡೂ ಮುಖದ ಮೇಲೆ ಕೆಂಪು ಮಾರ್ಕರ್‌ನಲ್ಲಿ ದೊಡ್ಡದಾಗಿ ‘ಕೆಳಗೆ’ ಅಂತ ಬರೆದಿದ್ದೇನೆ. ಎರಡೂ ಮುಖಕ್ಕೆ ಯಾಕೆ ಅಂದ್ರೆ, ಎಡದಿಂದ ಬಲಕ್ಕೆ ಹೋಗುವಾಗ ಪಟ್ಟಿಯನ್ನು ಮಗುಚಬೇಕಾಗುತ್ತದೆ.

ಹೊಸ ಉಳಿ: ಆಳ ಎಷ್ಟು? ಬಿಟ್ಟಿಗೆ ಟೇಪ್ ಸುತ್ತಿದರೆ ಆಯ್ತಾ?

ಮರದ ಹುಚ್ಚು: ಆಯ್ತು. ಎಲ್ಲರೂ ಹಾಗೇ ಮಾಡೋದು.

ಗರಗಸದ ಸದ್ದು: ಟೇಪ್ ನಂಬಬೇಡಿ ದಯವಿಟ್ಟು. ಮರದ ಪುಡಿ ಕೆಳಗಿನಿಂದ ತಳ್ಳಿ ತಳ್ಳಿ ಟೇಪ್ ಮೇಲಕ್ಕೆ ಸರಿಯುತ್ತದೆ, ಗೊತ್ತಾಗುವಷ್ಟರಲ್ಲಿ ಬಿಟ್ ಆಚೆ ಬದಿಗೆ ಬಂದಿರುತ್ತದೆ. ಒಂದು ಸಣ್ಣ ಮರದ ತುಂಡಿಗೆ ಉದ್ದಕ್ಕೆ ತೂತು ಹಾಕಿ, ಬಿಟ್ಟಿಗೆ ತೋಳಿನ ಹಾಗೆ ತೊಡಿಸಿ. ತೂತು 11 ಮಿ.ಮೀ. ಆಳ, ಪಟ್ಟಿ 18, ಒಟ್ಟು 29 ಮಿ.ಮೀ. ಬಿಟ್ ಮಾತ್ರ ಹೊರಗೆ ಕಾಣಬೇಕು. ಪಟ್ಟಿಯ ದಪ್ಪ ಸೇರಿಸುವುದನ್ನು ಮರೆಯುವವರೇ ಜಾಸ್ತಿ.

ಹೊಸ ಉಳಿ: ಕಪಾಟು ಪಟ್ಟಿಗಿಂತ ಉದ್ದ ಇದ್ದರೆ?

ನೇರ ಗೆರೆ: ಕೊನೆಗೆ ಕೊರೆದ ತೂತಿನ ಮೇಲೆ ಪಟ್ಟಿಯ ಮೊದಲ ತೂತು ಬರುವ ಹಾಗೆ ಸರಿಸಿ, ಎರಡಕ್ಕೂ ಸೇರಿಸಿ 5 ಮಿ.ಮೀ. ಪಿನ್ ಹಾಕಿ, ಮುಂದಕ್ಕೆ ಕೊರೆಯಿರಿ. ಪಿನ್ ಸಡಿಲ ಇರಬಾರದು.

ಹೊಸ ಉಳಿ: ಮರದ ಪಟ್ಟಿಯನ್ನೇ ಮಾಡಿ ಕೊರೆದೆ. ಹಲಗೆ ಇಟ್ಟು ನಾಲ್ಕೂ ಮೂಲೆ ಒತ್ತಿ ನೋಡಿದೆ, ಒಂದಿಷ್ಟೂ ಅಲ್ಲಾಡಲಿಲ್ಲ, ತುಂಬಾ ಖುಷಿಯಾಯಿತು. ಎರಡು ತೂತಿನ ಬಾಯಲ್ಲಿ ಮಾತ್ರ ಪ್ಲೈ ಸಿಬಿರೆದ್ದಿದೆ.

ಮರದ ಹುಚ್ಚು: ಅಲ್ಲಿ ಪಟ್ಟಿ ಮತ್ತು ಪ್ಲೈ ನಡುವೆ ಸಂದು ಬಿದ್ದಿರಬೇಕು. ಕ್ಲಾಂಪ್ ಇನ್ನೊಂದು ಹಾಕಿ, ನಡುವೆ ಮೊನೆ ಇರುವ ಬ್ರ್ಯಾಡ್ ಪಾಯಿಂಟ್ ಬಿಟ್ ಬಳಸಿ. ನಾನೂ ಈ ಸಲ ಮರದ ಪಟ್ಟಿ ಮಾಡಿಕೊಳ್ಳುತ್ತೇನೆ, ನನ್ನ ಪೆಗ್‌ಬೋರ್ಡ್ ತೂತುಗಳು ನೋಡಿದರೆ ನಿಜವಾಗಿಯೂ ಮೊಟ್ಟೆಯಾಕಾರ ಆಗಿವೆ.